ವಿಡಿಯೊದಿಂದ ಪ್ರಿಂಟ್‌ಗೆ ಫೋಟೊ: ಯಾವ ಕೆಲಸಕ್ಕೆ ಯಾವ ದಾರಿ?

ದೀಪಾವಳಿ ಮುಗಿಯುತ್ತಿದ್ದಂತೆ ಹಾವೇರಿ ಕಡೆ ಹೋರಿ ಬೆದರಿಸುವ ಹಬ್ಬ ಶುರುವಾಗುತ್ತದೆ. ಕೊಬ್ಬರಿ ಹಾರ, ಬಲೂನು, ರಿಬ್ಬನ್ ಕಟ್ಟಿಕೊಂಡ ಹೋರಿ ಜನರ ನಡುವೆ ಓಡಿ ದಾಟುವುದು ಕೆಲವೇ ಸೆಕೆಂಡು. ಅದನ್ನು ಶೂಟ್ ಮಾಡಲು ಹುಬ್ಬಳ್ಳಿಯಿಂದ ಮೊದಲ ಸಲ ಹೋದಾಗ ನಾನು 4ಕೆ ವಿಡಿಯೊ ಮಾಡಿದ್ದೆ. ವಿಡಿಯೊ ಚೆನ್ನಾಗಿಯೇ ಬಂದಿತ್ತು. ವಾರ ಬಿಟ್ಟು ಹೋರಿಯ ಮಾಲೀಕರು ಫೋನ್ ಮಾಡಿದರು. "ಅಣ್ಣಾರ, ನಮ್ಮ ಹೋರಿ ಓಡೋದು ಒಂದು ಫೋಟೊ ತಗದು ಕೊಡ್ರಿ. ಮನ್ಯಾಗ ಫ್ರೇಮ್ ಹಾಕಸ್ತೀನಿ, ಊರಾಗ ಬ್ಯಾನರ್ ಕಟ್ಟಸ್ತೀನಿ."

ರಾತ್ರಿ ಕುಳಿತು ವಿಡಿಯೊದ ಒಂದೊಂದೇ ಫ್ರೇಮ್, ಅಂದರೆ ಅದರೊಳಗಿನ ಒಂದೊಂದೇ ಚಿತ್ರ ನೋಡಿದೆ. 12 ಸೆಕೆಂಡಿನ ಓಟ, 300 ಫ್ರೇಮ್. ಹಿಂದಿನ ಮನೆಯ ಹೆಂಚು ಎಣಿಸಬಹುದಿತ್ತು, ಹೋರಿಯ ಕಣ್ಣು ಮಾತ್ರ ಒಂದರಲ್ಲೂ ಸ್ಪಷ್ಟವಿರಲಿಲ್ಲ. ಎಲ್ಲವೂ ಶೇಕ್. ಕೊನೆಗೆ ಬಿಡುವ ಮೊದಲು ಹೋರಿ ನಿಂತಿದ್ದ ಒಂದು ಫ್ರೇಮ್ ಕೊಟ್ಟೆ. ಅವರು ಏನೂ ಅನ್ನದೆ ತೆಗೆದುಕೊಂಡರು. ಆದರೆ ಅವರು ಕೇಳಿದ್ದು ಓಡುವ ಹೋರಿ.

ಆವತ್ತೇ ಇನ್ನೊಂದು ವಿಷಯ ಗೊತ್ತಾಯಿತು. ನನ್ನ ಪಕ್ಕದಲ್ಲೇ ನಿಂತಿದ್ದ ಹುಡುಗ ಮೊಬೈಲಿನಲ್ಲಿ ಮಾಡಿದ ವಿಡಿಯೊದಲ್ಲಿ ಅದೇ ಹೋರಿ ಕಣ್ಣು, ಮೂಗುದಾರ ಸಮೇತ ಸ್ಪಷ್ಟವಾಗಿತ್ತು. ಮೊಬೈಲಿನ ವಿಡಿಯೊ ನನ್ನ ಕ್ಯಾಮೆರಾಕ್ಕಿಂತ ಹೇಗೆ ಮೇಲಾಯಿತು? ಕಾರಣ ಮುಂದೆ ಹೇಳುತ್ತೇನೆ. ಈಗ ಯಾರಾದರೂ "ವಿಡಿಯೊದಿಂದ ಫೋಟೊ ತೆಗೆಯಬಹುದಾ?" ಎಂದರೆ ನಾನು ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಪ್ರಿಂಟ್ ಎಷ್ಟು ದೊಡ್ಡದು, ಎಷ್ಟು ದೂರದಿಂದ ನೋಡುತ್ತೀರಿ? ವಿಡಿಯೊದಲ್ಲಿ ಇರುವವರು ನಿಂತಿದ್ದಾರಾ, ಓಡುತ್ತಿದ್ದಾರಾ? ಯಾವ ಸಾಫ್ಟ್‌ವೇರ್ ಅನ್ನುವುದು ಇವೆರಡೂ ಆದ ಮೇಲೆ.

ಎಷ್ಟು ದೊಡ್ಡ ಪ್ರಿಂಟಿಗೆ ಎಷ್ಟು ಪಿಕ್ಸೆಲ್

ಫೋಟೊ ಪ್ರಿಂಟ್ ಹಾಕುವ ಲ್ಯಾಬ್‌ನವರು ಇಂಚಿಗೆ 300 ಪಿಕ್ಸೆಲ್ (ಚಿತ್ರದ ಚುಕ್ಕಿ) ಬೇಕು ಅನ್ನುತ್ತಾರೆ. ಈ 300 ಎಲ್ಲಿಂದ ಬಂತು ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ. ಅದು ಕಣ್ಣಿನ ಲೆಕ್ಕ. ಒಳ್ಳೆಯ ಕಣ್ಣು ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಅದರಲ್ಲಿ ಒಂದು ಭಾಗದಷ್ಟು ಸಣ್ಣದನ್ನು ಬಿಡಿಸಿ ನೋಡುತ್ತದೆ. ಆಲ್ಬಮ್ ಕೈಯಲ್ಲಿ ಹಿಡಿದು ಒಂದು ಅಡಿ ದೂರದಿಂದ ನೋಡಿದರೆ ಅದು ಇಂಚಿಗೆ ಸುಮಾರು 290 ಚುಕ್ಕಿ. ಗೋಡೆಯ ಫ್ರೇಮನ್ನು ಮೂರು ಅಡಿಯಿಂದ ನೋಡಿದರೆ 95 ಸಾಕು. ಬೀದಿಯ ಫ್ಲೆಕ್ಸನ್ನು ಹತ್ತು ಅಡಿಯಿಂದ ನೋಡಿದರೆ 29 ಸಾಕು. ದೂರ ಹೆಚ್ಚಾದಷ್ಟೂ ಬೇಕಾದ ಪಿಕ್ಸೆಲ್ ಕಡಿಮೆ.

ಈಗ ವಿಡಿಯೊ ಕಡೆ ಬನ್ನಿ. ಫುಲ್ ಎಚ್‌ಡಿಯ ಒಂದು ಫ್ರೇಮ್ 1920×1080, ಅಂದರೆ ಸುಮಾರು 21 ಲಕ್ಷ ಪಿಕ್ಸೆಲ್. 4ಕೆ ಫ್ರೇಮ್ 3840×2160, ಸುಮಾರು 83 ಲಕ್ಷ. ಆದರೆ ವಿಡಿಯೊ ಅಗಲ, ಫೋಟೊ ಪೇಪರ್ ಅಷ್ಟು ಅಗಲ ಅಲ್ಲ. 4×6, 8×12, 12×18 ಇಂಚು, ಯಾವುದಕ್ಕೆ ಹಾಕಿದರೂ ಎರಡೂ ಬದಿ ಕತ್ತರಿಸಬೇಕು. ಕತ್ತರಿಸಿದ ಮೇಲೆ ಫುಲ್ ಎಚ್‌ಡಿಯಲ್ಲಿ 1620×1080, 4ಕೆಯಲ್ಲಿ 3240×2160 ಉಳಿಯುತ್ತದೆ.

ಫುಲ್ ಎಚ್‌ಡಿ ಫ್ರೇಮಿಗೆ 4×6ರಲ್ಲಿ ಇಂಚಿಗೆ 270 ಸಿಗುತ್ತದೆ. ಧೈರ್ಯವಾಗಿ ಪ್ರಿಂಟ್ ಹಾಕಿಸಿ. 8×12ಕ್ಕೆ ಹೋದರೆ 135, ಕೈಯಲ್ಲಿ ಹಿಡಿದು ನೋಡಿದರೆ ಮೆತ್ತಗೆ ಕಾಣುತ್ತದೆ. 12×18ಕ್ಕೆ 90. ಇದು ಆಲ್ಬಮ್‌ಗೆ ಬೇಡ, ಆದರೆ ಹಾಲ್‌ನ ಗೋಡೆಗೆ ನಡೆಯುತ್ತದೆ. 4ಕೆ ಆದರೆ 8×12ಕ್ಕೆ 270, 12×18ಕ್ಕೆ 180. ಹತ್ತು ಅಡಿ ಅಗಲದ ಫ್ಲೆಕ್ಸಿಗೆ 4ಕೆ ಫ್ರೇಮ್ ಪೂರ್ತಿ ಹಾಕಿದರೆ ಇಂಚಿಗೆ 32. ಹತ್ತಡಿ ದೂರದಿಂದ ನೋಡುವವರಿಗೆ ಅದು ಸಾಕು. ಜನ ಬ್ಯಾನರ್‌ಗೇ ಹೆದರುತ್ತಾರೆ. ನನ್ನ ಅನುಭವದಲ್ಲಿ ಫೋಟೊ ಒಡೆಯುವುದು ಬ್ಯಾನರ್‌ನಲ್ಲಿ ಅಲ್ಲ, ಆಲ್ಬಮ್‌ನಲ್ಲಿ.

ನಿಂತ ಫೋಟೊ, ಅಂದರೆ ಅಗಲಕ್ಕಿಂತ ಎತ್ತರ ಜಾಸ್ತಿ ಇರುವ ಫೋಟೊ ಬೇಕು ಅಂದಾಗ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಅಡ್ಡ ಹಿಡಿದ 4ಕೆ ವಿಡಿಯೊದಿಂದ ನಿಂತ ಫೋಟೊ ಕತ್ತರಿಸಿದರೆ 1440×2160 ಮಾತ್ರ ಉಳಿಯುತ್ತದೆ. 8×12ಕ್ಕೆ 180. ಫುಲ್ ಎಚ್‌ಡಿಯಾದರೆ 720×1080, ಅದು 4×6ಕ್ಕೆ ಸಾಕು ಅಷ್ಟೇ.

ಇಷ್ಟರಿಂದ ದೊಡ್ಡ ಕೆಲಸ ಆಗುತ್ತಾ ಎಂದು ಅನುಮಾನ ಇರುವವರಿಗೆ ಒಂದು ಮಾತು. ಅಮೆರಿಕದ ಎಸ್ಕ್ವೈರ್ ಪತ್ರಿಕೆ 2009ರ ಜೂನ್ ಸಂಚಿಕೆಯ ಮುಖಪುಟಕ್ಕೆ ಹಾಕಿದ್ದು ರೆಡ್ ಒನ್ ಎಂಬ 4ಕೆ ವಿಡಿಯೊ ಕ್ಯಾಮೆರಾದಿಂದ ತೆಗೆದ ಫ್ರೇಮನ್ನೇ.

ಪಿಕ್ಸೆಲ್‌ಗಿಂತ ಶಟರ್ ಮುಖ್ಯ

ಈಗ ಹೋರಿಯ ವಿಷಯ. ವಿಡಿಯೊ ಕಲಿಯುವಾಗ ನಮಗೆಲ್ಲ ಹೇಳಿಕೊಡುವುದು ಒಂದೇ: ಸೆಕೆಂಡಿಗೆ 25 ಫ್ರೇಮ್ ಇದ್ದರೆ ಶಟರ್, ಅಂದರೆ ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, 1/50 ಸೆಕೆಂಡು. ಆಗ ಓಟ ಕಣ್ಣಿಗೆ ಹಿತವಾಗಿ ಕಾಣುತ್ತದೆ. ನಿಜ. ಆದರೆ ಹೋರಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಅಡ್ಡ ಓಡುತ್ತಿದೆ ಅಂದುಕೊಳ್ಳಿ. ಒಂದು ಸೆಕೆಂಡಿನ 50ನೇ ಒಂದು ಭಾಗದಲ್ಲಿ ಅದು 16 ಸೆಂ.ಮೀ.ಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ. ಅಷ್ಟೂ ಉದ್ದ ಒಂದೇ ಫ್ರೇಮಿನಲ್ಲಿ ಬಳಿದುಕೊಳ್ಳುತ್ತದೆ. ನನ್ನ ಫ್ರೇಮಿನಲ್ಲಿ ಎಂಟು ಮೀಟರ್ ಅಗಲದ ಜಾಗ ಕಾಣುತ್ತಿದ್ದರೆ ಆ ಬಳಿಕೆ ಸುಮಾರು 80 ಪಿಕ್ಸೆಲ್. 8ಕೆ ಮಾಡಿದ್ದರೂ ಪ್ರಿಂಟಿನಲ್ಲಿ ಅದು ಅಷ್ಟೇ ಉದ್ದ ಕಾಣುತ್ತಿತ್ತು. ಶಟರ್ 1/1000 ಇಟ್ಟಿದ್ದರೆ ಹೋರಿ ಸರಿಯುವುದು 8 ಮಿ.ಮೀ., ಫ್ರೇಮಿನಲ್ಲಿ ನಾಲ್ಕು ಪಿಕ್ಸೆಲ್.

ಮೊಬೈಲ್ ಗೆದ್ದದ್ದು ಇಲ್ಲೇ. ಹೆಚ್ಚಿನ ಮೊಬೈಲ್ ಕ್ಯಾಮೆರಾಗಳಲ್ಲಿ ಲೆನ್ಸಿನ ಬಾಯಿ ಕಿರಿದು ಮಾಡಲು ಬರುವುದಿಲ್ಲ. ಬಿಸಿಲು ಜಾಸ್ತಿಯಾದರೆ ಅದು ಶಟರ್ ವೇಗ ಹೆಚ್ಚಿಸುತ್ತದೆ, ಬೇರೆ ದಾರಿ ಇಲ್ಲ. ನಾನು ಲೆನ್ಸಿಗೆ ಬೆಳಕು ಕಡಿಮೆ ಮಾಡುವ ಎನ್‌ಡಿ ಫಿಲ್ಟರ್ ಹಾಕಿ, ಪಾಠ ಹೇಳಿದಂತೆ 1/50ಕ್ಕೆ ಕಟ್ಟಿಹಾಕಿದ್ದೆ. ಹುಡುಗನ ಮೊಬೈಲ್ ತನ್ನಷ್ಟಕ್ಕೆ ಸರಿಯಾದದ್ದನ್ನು ಮಾಡಿತ್ತು.

ಹಾಗಂತ ಎಲ್ಲ ಕಡೆ 1/1000 ಇಡಬೇಡಿ. ಶಟರ್ ವೇಗ ಹೆಚ್ಚಿದಷ್ಟು ವಿಡಿಯೊ ಜಗ್ಗಿ ಜಗ್ಗಿ ಓಡಿದಂತೆ ಕಾಣುತ್ತದೆ. ಗಿರಾಕಿಗೆ ವಿಡಿಯೊವೂ ಬೇಕು ಅಲ್ವಾ? ಎರಡೂ ಬೇಕಾದಾಗ ಹೊರಗಿನ ಬಿಸಿಲಲ್ಲಿ ನಾನು 50 ಫ್ರೇಮ್, 1/250 ಇಡುತ್ತೇನೆ. ಅದೇ ಹೋರಿಯ ಬಳಿಕೆ ಆಗ ಸುಮಾರು 16 ಪಿಕ್ಸೆಲ್. 4×6 ಪ್ರಿಂಟಿನಲ್ಲಿ ಅದು ಒಂದು ಮಿಲಿಮೀಟರ್ ಕೂಡ ಆಗುವುದಿಲ್ಲ. 12×18 ಫ್ರೇಮ್ ಬೇಕು ಎಂದು ಮೊದಲೇ ಹೇಳಿದ್ದರೆ ಆ ಒಂದು ಓಟಕ್ಕೆ 1/1000ಕ್ಕೆ ಹೋಗುತ್ತೇನೆ.

ಕಲ್ಯಾಣ ಮಂಟಪದ ಒಳಗೆ ಈ ಆಟ ನಡೆಯುವುದಿಲ್ಲ. 1/50ರಿಂದ 1/1000ಕ್ಕೆ ಹೋದರೆ 20 ಪಟ್ಟು ಬೆಳಕು ಬೇಕು. ಜೊತೆಗೆ ನಮ್ಮ ಕರೆಂಟು 50 ಹರ್ಟ್ಜ್. ಟ್ಯೂಬ್‌ಲೈಟು ಮತ್ತು ಕಡಿಮೆ ಬೆಲೆಯ ಎಲ್‌ಇಡಿಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. 1/50 ಅಥವಾ 1/100 ಬಿಟ್ಟು ಬೇರೆ ಶಟರ್ ಇಟ್ಟರೆ ಫ್ರೇಮಿನಲ್ಲಿ ಕಪ್ಪು ಪಟ್ಟಿ ಬರುವ ಅಪಾಯ ಇದೆ. ಹಾಗಾಗಿ ಮಂಟಪದಲ್ಲಿ 1/100ಕ್ಕೆ ನಿಲ್ಲಿ. ಅಕ್ಕಿಕಾಳು ಬೀಳುವ ಗಳಿಗೆಯಲ್ಲಿ ಕಾಳುಗಳು ಗೆರೆ ಗೆರೆಯಾಗಿ ಬರುತ್ತವೆ. ಮದುಮಕ್ಕಳ ಮುಖ ಮಾತ್ರ ನಿಲ್ಲುತ್ತದೆ. ಅದು ಚೆನ್ನಾಗಿಯೇ ಕಾಣುತ್ತದೆ.

ಫ್ರೇಮ್ ತೆಗೆಯುವ ಸಾಧನಗಳು

ಇಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬೇಡ. ಸ್ಕ್ರೀನ್‌ಶಾಟ್ ಮಾತ್ರ ಬೇಡ. ಅದರಲ್ಲಿ ನಿಮಗೆ ಸಿಗುವುದು ಸ್ಕ್ರೀನಿನ ಪಿಕ್ಸೆಲ್, ವಿಡಿಯೊದ್ದಲ್ಲ. ವಾಟ್ಸಾಪ್‌ನಲ್ಲಿ ಬಂದ ವಿಡಿಯೊದಿಂದಲೂ ತೆಗೆಯಬೇಡಿ, ಮೂಲ ಫೈಲ್ ಕೇಳಿ.

ಒಂದೆರಡು ಫೋಟೊಗೆ ವಿಎಲ್‌ಸಿ ಪ್ಲೇಯರ್ ಸಾಕು, ದುಡ್ಡೂ ಇಲ್ಲ. ವಿಡಿಯೊ ನಿಲ್ಲಿಸಿ, ಇ ಕೀ ಒತ್ತುತ್ತಾ ಒಂದೊಂದೇ ಫ್ರೇಮ್ ಮುಂದೆ ಹೋಗಿ. ಬೇಕಾದದ್ದು ಸಿಕ್ಕಾಗ ವಿಂಡೋಸ್‌ನಲ್ಲಿ ಶಿಫ್ಟ್ ಜೊತೆ ಎಸ್. ಸೆಟ್ಟಿಂಗ್‌ನಲ್ಲಿ ಪಿಎನ್‌ಜಿ ಇದೆಯಾ ನೋಡಿಕೊಳ್ಳಿ. ಜೆಪೆಗ್ ಆದರೆ ಮೊದಲೇ ಹಿಂಡಿದ ಚಿತ್ರವನ್ನು ಮತ್ತೊಮ್ಮೆ ಹಿಂಡಿದ ಹಾಗೆ.

ಹತ್ತಾರು ಫೋಟೊ, ಬಣ್ಣ ಸರಿಪಡಿಸುವ ಕೆಲಸ, ಲಾಗ್‌ನಲ್ಲಿ (ಬಣ್ಣ ಆಮೇಲೆ ಎತ್ತಲೆಂದು ಮಸುಕಾಗಿ ಹಿಡಿಯುವ ಮೋಡ್) ಮಾಡಿದ ಶೂಟ್ ಇದ್ದರೆ ಡಾವಿಂಚಿ ರಿಸಾಲ್ವ್ ಅಥವಾ ಪ್ರೀಮಿಯರ್‌ನಂಥ ಎಡಿಟಿಂಗ್ ಸಾಫ್ಟ್‌ವೇರ್. ರಿಸಾಲ್ವ್‌ನ ಉಚಿತ ಆವೃತ್ತಿಯೇ ಸಾಕು. ಬಣ್ಣವನ್ನು ವಿಡಿಯೊದಲ್ಲೇ ಸರಿ ಮಾಡಿ, ಆಮೇಲೆ ಫ್ರೇಮ್ ತೆಗೆಯಿರಿ. ಎರಡರಲ್ಲೂ ಒಂದು ಹಳ್ಳ ಇದೆ, ನಾನೂ ಬಿದ್ದಿದ್ದೇನೆ. ಚಿತ್ರ ಬರುವುದು ಟೈಮ್‌ಲೈನ್ (ಕ್ಲಿಪ್‌ಗಳನ್ನು ಜೋಡಿಸುವ ಪಟ್ಟಿ) ಅಳತೆಯಲ್ಲಿ. ಟೈಮ್‌ಲೈನ್ ಫುಲ್ ಎಚ್‌ಡಿ ಇಟ್ಟು 4ಕೆ ಕ್ಲಿಪ್ ಹಾಕಿದ್ದರೆ ಕೈಗೆ ಬರುವುದು 21 ಲಕ್ಷ ಪಿಕ್ಸೆಲ್ ಅಷ್ಟೇ. ಮುಕ್ಕಾಲು ಭಾಗ ಸುಮ್ನೆ ಹೋಯಿತು.

ಬೇಕಾದ ಗಳಿಗೆ ಸಿಕ್ಕಿದ ಮೇಲೆ ಅದರ ಹಿಂದಿನ ಮುಂದಿನ ನಾಲ್ಕೈದು ಫ್ರೇಮನ್ನೂ ನೋಡಿ. ಜಾಗ ಉಳಿಸಲು ಹೆಚ್ಚಿನ ಕ್ಯಾಮೆರಾಗಳು ಪ್ರತಿ ಫ್ರೇಮನ್ನೂ ಪೂರ್ತಿ ಬರೆಯುವುದಿಲ್ಲ. ಆಗಾಗ ಒಂದು ಪೂರ್ತಿ ಫ್ರೇಮ್ ಬರೆದು, ನಡುವಿನವಕ್ಕೆ ಏನು ಬದಲಾಯಿತೋ ಅಷ್ಟನ್ನೇ ಬರೆಯುತ್ತವೆ. ಹಾಗಾಗಿ ಪಕ್ಕಪಕ್ಕದ ಫ್ರೇಮ್‌ಗಳಲ್ಲೇ ಚರ್ಮದ ಮೇಲಿನ ವಿವರ ಒಂದರಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ.

ಬಣ್ಣದ ವಿಷಯವೂ ಹಾಗೆಯೇ. ಸಾಮಾನ್ಯ ವಿಡಿಯೊದಲ್ಲಿ ಬೆಳಕು ಪೂರ್ತಿ ಅಳತೆಯಲ್ಲಿ ಇರುತ್ತದೆ, ಬಣ್ಣ ಮಾತ್ರ ಉದ್ದಗಲ ಎರಡರಲ್ಲೂ ಅರ್ಧ. ಫುಲ್ ಎಚ್‌ಡಿಯಲ್ಲಿ ಬಣ್ಣದ ಚಿತ್ರ 960×540 ಮಾತ್ರ. ಕೆಂಪು ಇಳಕಲ್ ಸೀರೆಯ ಸೆರಗಿನ ಅಂಚು ಪ್ರಿಂಟಿನಲ್ಲಿ ಕಲಸಿದಂತೆ ಕಾಣುವುದು ಇದಕ್ಕೇ. 4ಕೆಯಲ್ಲಿ ತೆಗೆದು ಅರ್ಧಕ್ಕೆ ಇಳಿಸಿದರೆ ಪ್ರತಿ ಪಿಕ್ಸೆಲ್‌ಗೂ ಅದರದೇ ಬಣ್ಣ ಸಿಗುತ್ತದೆ. ಸಣ್ಣ ಪ್ರಿಂಟ್ ಸಾಕು ಅನ್ನುವವರಿಗೂ ನಾನು 4ಕೆಯಲ್ಲೇ ಶೂಟ್ ಮಾಡಿ ಅನ್ನುವುದು ಈ ಕಾರಣಕ್ಕೆ.

ಹಳೆಯ ಕ್ಯಾಸೆಟ್‌ನಿಂದ

ನನಗೆ ಹೆಚ್ಚು ಬರುವುದು ಈ ಕೆಲಸ, ಮನಸ್ಸಿಗೆ ಹತ್ತಿರವಾದದ್ದೂ ಇದೇ. ಧಾರವಾಡದಿಂದ ಒಬ್ಬ ಅಮ್ಮ ಮದುವೆಯ ಕ್ಯಾಸೆಟ್ ಹಿಡಿದು ಬಂದಿದ್ದರು. "ತಮ್ಮಾ, ನಮ್ಮವ್ವನ ಮಾರಿ ಇದೊಂದರಾಗ ಐತಿ ನೋಡು. ಬ್ಯಾರೆ ಫೋಟೊನ ಇಲ್ಲ" ಅಂದರು.

ಇಂಥ ಕೆಲಸಕ್ಕೆ ಮೊದಲು ನೋಡಬೇಕಾದ್ದು ಮನೆಯಲ್ಲಿ ಏನು ಉಳಿದಿದೆ ಎಂದು. ಬಹಳ ಮನೆಗಳಲ್ಲಿ ಕೈಗೆ ಮೊದಲು ಸಿಗುವುದು ವಿಸಿಡಿ. ಅದರ ಚಿತ್ರ 352×288, ಬರೀ ಒಂದು ಲಕ್ಷ ಪಿಕ್ಸೆಲ್. ಡಿವಿಡಿ 720×576, ನಾಲ್ಕು ಪಟ್ಟು. ಮಿನಿ ಡಿವಿ ಕ್ಯಾಸೆಟ್ ಕೂಡ 720×576, ಆದರೆ ಡಿವಿಡಿಗಿಂತ ಕಡಿಮೆ ಹಿಂಡಿದ್ದು. ಸೋನಿಯ ಪಿಡಿ 170ರಂಥ ಕ್ಯಾಮೆರಾದಲ್ಲಿ ಮಾಡಿದ ಮದುವೆ ಆದರೆ ಮೂಲ ಕ್ಯಾಸೆಟ್ ಎಲ್ಲಿದೆ ಎಂದು ಹುಡುಕಿ. ವಿಎಚ್‌ಎಸ್ ಎಂಬ ಹಳೆಯ ದೊಡ್ಡ ಕ್ಯಾಸೆಟ್ ಇವೆರಡಕ್ಕಿಂತ ಮಸುಕು, ಅಡ್ಡಕ್ಕೆ ಸುಮಾರು 240 ಗೆರೆಯಷ್ಟೇ ವಿವರ. ಆದರೂ ವಿಎಚ್‌ಎಸ್‌ನಿಂದ ಮಾಡಿದ ವಿಸಿಡಿಗಿಂತ ಆ ವಿಎಚ್‌ಎಸ್ಸೇ ಮೇಲು. ಕ್ಯಾಸೆಟ್ ಒಳಗೆ ಬಿಳಿ ಬೂಸ್ಟು ಕಂಡರೆ ಪ್ಲೇಯರ್‌ಗೆ ಹಾಕಲೇಬೇಡಿ, ಮೊದಲು ಸ್ವಚ್ಛ ಮಾಡಿಸಿ. ಟೇಪ್ ಹರಿದರೆ ಹೋಯಿತು.

ಹಳೆಯ ವಿಡಿಯೊದಲ್ಲಿ ಇನ್ನೊಂದು ತೊಡಕು. ಒಂದೊಂದು ಫ್ರೇಮೂ ಎರಡು ಅರ್ಧ ಚಿತ್ರಗಳ ಹೆಣಿಗೆ. ಬೆಸ ಗೆರೆ ಒಮ್ಮೆ, ಸರಿ ಗೆರೆ ಸೆಕೆಂಡಿನ 50ನೇ ಒಂದು ಭಾಗ ಬಿಟ್ಟು. ನಡುವೆ ಕೈ ಅಲುಗಿದರೆ ಅಂಚು ಹಣಿಗೆಯ ಹಲ್ಲಿನ ಹಾಗೆ ಬರುತ್ತದೆ. ಸಾಫ್ಟ್‌ವೇರ್‌ನಲ್ಲಿ ಈ ಹೆಣಿಗೆ ಬಿಡಿಸಿದರೆ, ಅಂದರೆ ಡಿಇಂಟರ್‌ಲೇಸ್ ಮಾಡಿದರೆ, ಹಲ್ಲು ಹೋಗುತ್ತದೆ, ಆದರೆ ಅಲುಗಿದ ಕಡೆ ಉಳಿಯುವುದು 288 ಗೆರೆ. ಹಾಗಾಗಿ ನಗುವ ಗಳಿಗೆಗಿಂತ ಸುಮ್ಮನೆ ಕುಳಿತ ಗಳಿಗೆ ಹುಡುಕುತ್ತೇನೆ. ಅಲ್ಲಿ 576 ಗೆರೆಯೂ ಸಿಗುತ್ತದೆ.

ಆ ಅವ್ವ ಒಂದು ಕಡೆ ಗೋಡೆಗೆ ಒರಗಿ ಅರ್ಧ ನಿಮಿಷ ಅಲುಗದೆ ಕುಳಿತಿದ್ದರು. ಇಂಥ ಕಡೆ ನನಗೆ ಬಹಳ ನಂಬಿಕೆ ಇರುವುದು ಫ್ರೇಮ್‌ಗಳನ್ನು ಒಂದರ ಮೇಲೊಂದು ಜೋಡಿಸುವ ದಾರಿಯ ಮೇಲೆ. ಪಕ್ಕಪಕ್ಕದ ಒಂಬತ್ತು ಫ್ರೇಮ್ ತೆಗೆದು, ಫೋಟೊಶಾಪ್‌ನಲ್ಲಿ ಲೇಯರ್ ಮಾಡಿ, ಅಲೈನ್ ಮಾಡಿ, ಸ್ಮಾರ್ಟ್ ಆಬ್ಜೆಕ್ಟ್ ಮಾಡಿ, ಸ್ಟ್ಯಾಕ್ ಮೋಡ್‌ನಲ್ಲಿ ಮೀನ್ (ಸರಾಸರಿ) ಆರಿಸಿ. ಗ್ರೇನ್ಸ್, ಅಂದರೆ ಚಿತ್ರದ ಮೇಲಿನ ಮರಳಿನಂಥ ಚುಕ್ಕಿ, ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ಕಡೆ ಇರುತ್ತದೆ, ಮುಖ ಒಂದೇ ಕಡೆ ಇರುತ್ತದೆ. ಸರಾಸರಿ ತೆಗೆದರೆ ಮುಖ ಉಳಿದು ಗ್ರೇನ್ಸ್ ಕರಗುತ್ತದೆ. ನಾಲ್ಕು ಫ್ರೇಮಿಗೆ ಅರ್ಧ, ಒಂಬತ್ತು ಫ್ರೇಮಿಗೆ ಮೂರರಲ್ಲಿ ಒಂದು. ಇಲ್ಲಿ ಕಂಪ್ಯೂಟರ್ ಏನನ್ನೂ ತಾನಾಗಿ ಸೇರಿಸುವುದಿಲ್ಲ. ಕ್ಯಾಮೆರಾ ನೋಡಿದ್ದಷ್ಟೇ ಇರುತ್ತದೆ.

ಎಐ ಸಾಫ್ಟ್‌ವೇರ್ ಹಾಗಲ್ಲ. ಅದೂ ಮಾಡಿ ನೋಡೋಣ ಎಂದು ಅದೇ ಫ್ರೇಮನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ ಪ್ರಿಂಟ್ ತೆಗೆದೆ. ಹುಬ್ಬಿನ ಕೂದಲು, ತುಟಿಯ ಗೆರೆ ಎಲ್ಲ ಚೂಪು. ಆ ಅಮ್ಮ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಚಂದ ಐತಿ. ಆದರ ಇಕಿ ನಮ್ಮವ್ವ ಅಲ್ಲ" ಅಂದರು. ಸರಿಯಾಗಿಯೇ ಹೇಳಿದ್ದರು. ಇಲ್ಲದ ವಿವರವನ್ನು ಅದು ತಾನು ಕಲಿತ ಸಾವಿರಾರು ಮುಖಗಳಿಂದ ತಂದು ತುಂಬುತ್ತದೆ. ಜೋಡಿಸಿದ ಫ್ರೇಮಿನ ಪ್ರಿಂಟ್ ಕೊಟ್ಟೆ, ಮೆತ್ತಗಿತ್ತು, 4×6 ಅಳತೆ, ಇಂಚಿಗೆ ಸುಮಾರು 128 ಪಿಕ್ಸೆಲ್. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದರು.

ಹಾಗಾಗಿ ನನ್ನ ನಿಲುವು ಇದು. ಬಟ್ಟೆ, ಗುಡಿಯ ಗೋಪುರ, ಹೋರಿಯ ಕೊಬ್ಬರಿ ಹಾರ, ಮಂಟಪದ ಹೂವು, ಇವಕ್ಕೆ ಎಐ ಬಳಸಿ, ಎರಡು ಪಟ್ಟಿನವರೆಗೆ. ಮುಖ ಸ್ಪಷ್ಟವಾಗಿ, ದೊಡ್ಡದಾಗಿ ಇರುವ 4ಕೆ ಫ್ರೇಮಿಗೂ ಪರವಾಗಿಲ್ಲ. ತೀರಿಕೊಂಡವರ ಮುಖ, ಅದೂ ಫ್ರೇಮಿನಲ್ಲಿ ಹೆಬ್ಬೆರಳಷ್ಟೇ ಇದ್ದರೆ, ಬೇಡ.

ಮೊದಲೇ ಗೊತ್ತಿದ್ದರೆ

ಶೂಟ್‌ಗೆ ಮುಂಚೆಯೇ ಪ್ರಿಂಟ್ ಬೇಕು ಎಂದು ಗೊತ್ತಿದ್ದರೆ ಆಯ್ಕೆ ಬೇರೆ. ಪ್ಯಾನಸೋನಿಕ್ 2014ರಲ್ಲಿ 4ಕೆ ಫೋಟೊ ಎಂಬ ಮೋಡ್ ತಂದಿತು. ಸೆಕೆಂಡಿಗೆ 30 ಫ್ರೇಮ್, ಒಂದೊಂದೂ 80 ಲಕ್ಷ ಪಿಕ್ಸೆಲ್. ಬಟನ್ ಒತ್ತುವ ಮುಂಚಿನ ಗಳಿಗೆಯನ್ನೂ ಹಿಡಿದಿಡುತ್ತದೆ. 2017ರ ಜಿಎಚ್5ನಲ್ಲಿ ಅದು 6ಕೆ ಆಗಿ 180 ಲಕ್ಷಕ್ಕೆ ಏರಿತು. ಹೋರಿಯಂಥ ಓಟಕ್ಕೆ ಇದು ಒಳ್ಳೆಯದು.

ಆದರೆ ಮದುವೆಗೆ ನಾನು ಯಾವ ಮೋಡನ್ನೂ ನಂಬುವುದಿಲ್ಲ. 12×36 ಆಲ್ಬಮ್‌ನ ಒಂದೊಂದು ಪುಟ 12×18, ಅದೂ ಕೈಯಲ್ಲಿ ಹಿಡಿದು ನೋಡುವಂಥದ್ದು. ಫೋಟೊಗೆ ಪ್ರತ್ಯೇಕ ಒಬ್ಬರು ಇರಲಿ. ಅವರ ಕ್ಯಾಮೆರಾಕ್ಕೆ 240 ಲಕ್ಷ ಪಿಕ್ಸೆಲ್ ಇರುತ್ತದೆ, ಫ್ಲ್ಯಾಶ್ ಇರುತ್ತದೆ, ನೆರಳಲ್ಲಿದ್ದ ಮುಖವನ್ನು ಆಮೇಲೆ ಎತ್ತಬಹುದಾದ ರಾ ಫೈಲ್ ಇರುತ್ತದೆ. ನಮ್ಮ ಸಾಮಾನ್ಯ ವಿಡಿಯೊ ಫ್ರೇಮಿಗೆ ಈ ಮೂರೂ ಇಲ್ಲ. ತಾಳಿ ಕಟ್ಟುವಾಗ ಹಿಂದೆ ನಿಂತ ಅಪ್ಪ ಕಣ್ಣೊರೆಸಿಕೊಂಡದ್ದನ್ನು ಫೋಟೊದವರು ತಪ್ಪಿಸಿಕೊಂಡಿದ್ದರೆ, ವಿಡಿಯೊದಿಂದ ತೆಗೆದು ಪುಟದ ಮೂಲೆಯಲ್ಲಿ ಆರಿಂಚು ಅಗಲಕ್ಕೆ ಹಾಕಿ. ಅಲ್ಲಿ ಅದು ಯಾರಿಗೂ ಕಡಿಮೆ ಅನಿಸುವುದಿಲ್ಲ.

ಪ್ರೆಸ್ಸಿಗೆ ಕೊಡುವಾಗ

ಗದಗನ್ನು ಮುದ್ರಣ ಕಾಶಿ ಎಂದು ಕರೆಯುತ್ತಾರೆ. ನಮ್ಮ ಭಾಗದ ಪುಸ್ತಕ, ಕ್ಯಾಲೆಂಡರ್, ಆಮಂತ್ರಣ ಎಷ್ಟೋ ಅಲ್ಲಿಯೇ ಆಗುತ್ತವೆ. ಪ್ರೆಸ್ಸಿಗೆ ವಿಡಿಯೊ ಫ್ರೇಮ್ ಕೊಡುವುದಾದರೆ ಮೊದಲು ಕಾಗದ ಯಾವುದು ಎಂದು ಕೇಳಿ. ಆರ್ಟ್ ಪೇಪರ್ ಆದರೆ ಇಂಚಿಗೆ 300 ನಿಜಕ್ಕೂ ಬೇಕು, ನ್ಯೂಸ್‌ಪ್ರಿಂಟ್ ಆದರೆ 200 ಸಾಕು. ಫೋಟೊ ಲ್ಯಾಬ್‌ಗೆ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣದ ಮಾದರಿಯಲ್ಲಿ ಉಳಿಸಿ ಕೊಡಿ. ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸುವುದೇ ಆದರೆ ಫೋಟೊ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ.

ದೊಡ್ಡ ಪ್ರಿಂಟ್ ಆರ್ಡರ್ ಮಾಡುವ ಮುಂಚೆ ಒಂದು ಸಣ್ಣ ಖರ್ಚು ಮಾಡಿ. 12×18 ಬೇಕು ಎಂದಿದ್ದರೆ, ಪೂರ್ತಿ ಚಿತ್ರವನ್ನು ಆ ಅಳತೆಗೆ ಹಿಗ್ಗಿಸಿ, ಮುಖ ಇರುವ ಕಡೆ 4×6 ಇಂಚಿನ ತುಂಡು ಮಾತ್ರ ಕತ್ತರಿಸಿ, ಅದನ್ನು ಪ್ರಿಂಟ್ ಹಾಕಿಸಿ. ಮನೆಗೆ ಒಯ್ದು ಫ್ರೇಮ್ ತೂಗುಹಾಕುವ ಗೋಡೆಗೇ ಅಂಟಿಸಿ, ನೀವು ದಿನಾ ಕೂರುವ ಜಾಗದಿಂದ ನೋಡಿ. ಮರುವರ್ಷ ಆ ಹೋರಿಯ ಮಾಲೀಕರಿಗೆ ಹೀಗೇ ಮಾಡಿದೆ. 1/1000 ಶಟರ್, 4ಕೆ, ಹೋರಿಯ ನಾಲ್ಕೂ ಕಾಲು ನೆಲ ಬಿಟ್ಟಿದ್ದ ಫ್ರೇಮ್. ಕಣ್ಣಿನ ತುಂಡನ್ನು ಪಡಸಾಲೆಯ ಗೋಡೆಗೆ ಅಂಟಿಸಿ ಎರಡು ಹೆಜ್ಜೆ ಹಿಂದೆ ಸರಿದು ನಿಂತರು. "ಹಾಕ್ರಿ, ದೊಡ್ಡದ ಹಾಕ್ರಿ" ಅಂದರು.